ಹೈಡ್ರಾಲಿಕ್ ಲಿಫ್ಟು: ಹತ್ತೋಕೆ ಕರೆಂಟು, ಇಳಿಯೋಕೆ ನಮ್ಮದೇ ತೂಕ

ಕಾರನ್ನ ವಾಟರ್ ಸರ್ವೀಸ್‌ಗೆ ಬಿಟ್ಟಾಗ ನೋಡಿರ್ತೀರಲ್ಲ, ನೆಲದಿಂದ ಒಂದು ದಪ್ಪ ಹೊಳೆಯೋ ಕಂಬ ಎದ್ದು ಇಡೀ ಗಾಡೀನ ತಲೆ ಮೇಲಕ್ಕೆ ಎತ್ತುತ್ತೆ, ಹುಡುಗ ಕೆಳಗೆ ನಿಂತು ಕೆಸರು ತೊಳೀತಾನೆ. ಎರಡು ಮೂರು ಮಹಡಿ ಮನೆಗೋ ಗೋಡೌನಿಗೋ ಹಾಕಿಸೋ ಹೈಡ್ರಾಲಿಕ್ ಲಿಫ್ಟೂ ಅದೇ ಜಾತಿ.

ಸಾಮಾನು ಜಾಸ್ತಿ ಏನಿಲ್ಲ. ಒಂದು ಎಣ್ಣೆ ಟ್ಯಾಂಕು, ಪಂಪು ಮೋಟಾರು, ವಾಲ್ವು, ಪೈಪು, ಸಿಲಿಂಡರು, ಅದರೊಳಗೆ ಮೇಲೆ ಕೆಳಗೆ ಜಾರೋ ಕಂಬ, ಅಂದ್ರೆ ಪಿಸ್ಟನ್ನು.

ಮೇಲಕ್ಕೆ ಹೋಗೋ ಬಟನ್ ಒತ್ತಿದ್ರಿ ಅಂದ್ಕೊಳ್ಳಿ. ಪಂಪು ಟ್ಯಾಂಕಲ್ಲಿರೋ ಎಣ್ಣೇನ ಸಿಲಿಂಡರಿಗೆ ನೂಕುತ್ತೆ, ಎಷ್ಟು ಒತ್ತಿದ್ರೂ ಎಣ್ಣೆ ಕುಗ್ಗೋದು ಇಲ್ಲ ಅನ್ನೋವಷ್ಟು ಕಡಿಮೆ, ಬೇರೆ ದಾರೀನೂ ಇಲ್ಲ, ಹಾಗಾಗಿ ಪಿಸ್ಟನ್ನನ್ನ ಎತ್ತಲೇಬೇಕು. ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಮಜಾ ಇದೆ. ಪಿಸ್ಟನ್ನು 8 ಸೆಂ.ಮೀ. ದಪ್ಪ ಇದ್ರೆ ಅದರ ತಳ ಸುಮಾರು 50 ಚದರ ಸೆಂ.ಮೀ., ಕ್ಯಾಬಿನ್ನು ಜನ ಎಲ್ಲ ಸೇರಿ 1000 ಕೆಜಿ ಆದ್ರೆ ಒಂದೊಂದು ಚದರ ಸೆಂ.ಮೀ. ಮೇಲೂ 20 ಕೆಜಿ ಬೀಳುತ್ತೆ, ಅಂದ್ರೆ ಕಾರ್ ಟೈರಿಗೆ ಹೊಡೆಸೋ ಗಾಳಿಯ ಒತ್ತಡದ ಹತ್ತತ್ರ ಒಂಬತ್ತು ಪಟ್ಟು. ಕ್ಯಾಬಿನ್ನು ನೇರ ಪಿಸ್ಟನ್ ಮೇಲೇ ಕೂತಿದ್ರೆ 3 ಮೀಟರ್ ಏರೋಕೆ 15 ಲೀಟರ್ ಎಣ್ಣೆ ಸಾಕು, ಮದುವೆ ಅಡುಗೆಗೆ ತರ್ತಾರಲ್ಲ, ಆ ಒಂದು ಟಿನ್ನಿನಷ್ಟು!

ಫ್ಲೋರ್ ಬಂತು, ಪಂಪು ಆಫ್. ಎಣ್ಣೆ ವಾಪಸ್ ಬರದ ಹಾಗೆ ಒಂದು ವಾಲ್ವು ತಡೆದು ಹಿಡಿಯುತ್ತೆ.

ಇಳಿಯೋವಾಗ್ಲೇ ನಿಜವಾದ ಜಾಣತನ ಇರೋದು. ಮೋಟಾರು ತಿರುಗೋದೇ ಇಲ್ಲ. ಇನ್ನೊಂದು ವಾಲ್ವು ತೆರ್ಕೊಳ್ಳುತ್ತೆ, ಕ್ಯಾಬಿನ್ ತೂಕಕ್ಕೆ ಎಣ್ಣೆ ತಾನಾಗೇ ಟ್ಯಾಂಕಿಗೆ ಇಳಿಯುತ್ತೆ, ಫ್ಲೋರ್ ಹತ್ರ ಬಂದಾಗ ವಾಲ್ವು ಕಿರಿದಾಗಿ ಮೆಲ್ಲಗೆ ನಿಲ್ಲುತ್ತೆ. ಕರೆಂಟ್ ಹೋದ್ರೆ ವಾಲ್ವು ಮುಚ್ಕೊಂಡು ಲಿಫ್ಟು ಇದ್ದಲ್ಲೇ ನಿಲ್ಲುತ್ತೆ, ಆಮೇಲೆ ಅದೇ ವಾಲ್ವನ್ನ ಚೂರು ತೆರೆಯೋಕೆ ಒಂದು ಸಣ್ಣ ಬ್ಯಾಟರಿ ಇದ್ರೆ ಸಾಕು, ಕೆಳಗಿನ ಮಹಡಿಗೆ ಇಳಿದುಬಿಡುತ್ತೆ. ಪೈಪೇ ಒಡೆದ್ರೆ? ಅದಕ್ಕೇಂತ ಸಿಲಿಂಡರ್ ಬಾಯಲ್ಲೇ ಇನ್ನೊಂದು ವಾಲ್ವು, ಎಣ್ಣೆ ರಭಸ ಹೆಚ್ಚಾದ ತಕ್ಷಣ ಮುಚ್ಕೊಳ್ಳುತ್ತೆ. ಹಾಕಿಸೋವಾಗ ಇದು ಇದೆಯಾ ಅಂತ ಬಾಯಿಬಿಟ್ಟು ಕೇಳಿ, ನಾಚ್ಕೋಬೇಡಿ.

ಕೊರತೆನೂ ಇದೆ. ಸಾಮಾನ್ಯವಾಗಿ ಕ್ಯಾಬಿನ್ ತೂಕ ಸರಿದೂಗಿಸೋಕೆ ಎದುರುಗಡೆ ತೂಗುಗಲ್ಲು ಇರಲ್ಲ, ಪೂರ್ತಿ ಭಾರ ಮೋಟಾರೇ ಎತ್ತಬೇಕು, ಕರೆಂಟ್ ಎಳೆಯುತ್ತೆ, ಐದಾರು ಮಹಡಿ ಮೇಲಾದ್ರೆ ಹಗ್ಗದ ಲಿಫ್ಟೇ ವಾಸಿ.

ಇನ್ನು ಮಧ್ಯರಾತ್ರಿ ಯಾರೂ ಇಲ್ದೇನೆ ಮೋಟಾರು ಗುಂಯ್ ಅಂದ್ರೆ ದೆವ್ವ ಅಲ್ಲ ಸ್ವಾಮಿ, ಬಿಸಿ ಎಣ್ಣೆ ತಣ್ಣಗಾಗಿ ಕುಗ್ಗಿ ಕ್ಯಾಬಿನ್ನು ಚೂರು ಕೆಳಗೆ ಜಾರಿರುತ್ತೆ, ಅದನ್ನ ಮತ್ತೆ ಫ್ಲೋರ್ ಸಮಕ್ಕೆ ಎತ್ಕೊಳ್ತಿರುತ್ತೆ ಅಷ್ಟೇ.