ನಾಟಿಗೆ ಇಳಿಯುವ ಮುನ್ನ ಹಿಮ್ಮಡಿ ನೋಡಿಕೊಳ್ಳಿ: ಇಲಿ ಜ್ವರ ತಡೆಯುವುದು ಹೇಗೆ?

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರೆ ಸಾಕು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮನೆಯಲ್ಲಿ ಯಾರೂ ಕೂರುವುದಿಲ್ಲ. ಒಟ್ಲು (ಭತ್ತದ ಸಸಿ) ಕೀಳುವವರು, ಕೆಸರು ತುಳಿಯುವವರು, ನಾಟಿ ಹಾಕುವವರು, ಎಲ್ಲರೂ ಗದ್ದೆಯಲ್ಲೇ. ಎರಡು ವರ್ಷದ ಹಿಂದೆ ಇದೇ ಹೊತ್ತಿನಲ್ಲಿ ನಮ್ಮ ಚಿಕ್ಕಮ್ಮನಿಗೆ ಜ್ವರ ಬಂತು. ಮೀನಖಂಡ ಮುಟ್ಟಲೂ ಆಗದಷ್ಟು ನೋವು. “ದಿನವೆಲ್ಲಾ ಬಗ್ಗಿ ನಾಟಿ ಹಾಕಿದ್ದೀಯ ಕಣವ್ವ, ಕಾಲು ನೋಯದೆ ಇರ್ತದಾ?” ಎಂದರು ಅವರ ಅತ್ತೆ. ಚಿಕ್ಕಮ್ಮನಿಗೂ ಅದೇ ಸರಿ ಅನ್ನಿಸಿತು. ನೋವಿನ ಮಾತ್ರೆ ನುಂಗಿ ಮತ್ತೆರಡು ದಿನ ಗದ್ದೆಗೆ ಹೋದರು. ಐದನೇ ದಿನ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಒಂದು ವಾರಕ್ಕಿಂತ ಜಾಸ್ತಿ ಇರಬೇಕಾಯಿತು. ಅದು ಇಲಿ ಜ್ವರ. ಡಾಕ್ಟರ ಮಾತಿನಲ್ಲಿ ಲೆಪ್ಟೊಸ್ಪೈರೋಸಿಸ್.

ಯಾವ ರೋಗಾಣುವೂ ಸುಮ್ನೆ ಕಾಯಿಲೆ ತರಲಾರದು. ಮೊದಲು ಅದು ನಮಗೆ ಎದುರಾಗಬೇಕು. ಆಮೇಲೆ ಒಳಗೆ ಬರಲು ಬಾಗಿಲು ಸಿಗಬೇಕು. ಬಂದ ಮೇಲೆ ದೇಹದ ಕಾವಲು ತಪ್ಪಿಸಿಕೊಂಡು ಹರಡಬೇಕು, ಬೆಳೆಯಬೇಕು. ಕಾಲರಾ ಬಾಯಿಯಿಂದ ಒಳಗೆ ಹೋಗುತ್ತದೆ. ಮಲೇರಿಯಾವನ್ನು ಸೊಳ್ಳೆಯೇ ಚುಚ್ಚಿ ಒಳಗೆ ಬಿಡುತ್ತದೆ. ಇಲಿ ಜ್ವರಕ್ಕೆ ನಮ್ಮ ಒಡೆದ ಹಿಮ್ಮಡಿಯೇ ಬಾಗಿಲು. ಹಾಗಾಗಿ ರೋಗಾಣು ಬರುವ ದಾರಿಯನ್ನೇ ಹಿಡಿದು, ಎಲ್ಲೆಲ್ಲಿ ಏನು ಮಾಡಬಹುದು ಎಂದು ನೋಡೋಣ.

ಬದುವಿನಿಂದ ಶುರು ಮಾಡಿ

ಈ ರೋಗಾಣು ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಬೀಡು ಬಿಟ್ಟಿರುತ್ತದೆ. ಇಲಿಗೆ ಅದರಿಂದ ಕಾಯಿಲೆ ಆಗುವುದಿಲ್ಲ. ಆದರೆ ಮೂತ್ರದ ಜೊತೆ ತಿಂಗಳುಗಟ್ಟಲೆ ಹೊರಗೆ ಬೀಳುತ್ತಿರುತ್ತದೆ. ದನ, ನಾಯಿ, ಹಂದಿಗಳ ಮೂತ್ರದಲ್ಲೂ ಇರಬಹುದು. ಒಣಗಿದರೆ ಸಾಯುತ್ತದೆ. ಒದ್ದೆ ಮಣ್ಣು, ನಿಂತ ನೀರು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ನಮ್ಮ ಬಯಲನ್ನೇ ನೋಡಿ. ಈ ಕಡೆ ಭತ್ತ, ಆ ಕಡೆ ಕಬ್ಬು. ಕಬ್ಬಿನ ತರಗಿನಲ್ಲಿ ಇಲಿಗೆ ಮರೆ, ಬದುವಿನಲ್ಲಿ ಬಿಲ, ಭತ್ತದ ಗದ್ದೆಯಲ್ಲಿ ನೀರು.

ನಾಟಿಗೆ ಮುಂಚೆಯೇ ಬದು ಸವರಿ, ಹುಲ್ಲು ತೆಗೆದು, ಬಿಲ ಅಗೆದು ಮುಚ್ಚಿ. ದಪ್ಪ ಬದು ಇದ್ದಷ್ಟೂ ಬಿಲ ಜಾಸ್ತಿ. ಒಬ್ಬರೇ ಮಾಡಿದರೆ ಇಲಿಗಳು ಪಕ್ಕದ ಗದ್ದೆಗೆ ಹೋಗಿ ನಾಲ್ಕು ದಿನ ಬಿಟ್ಟು ಬರುತ್ತವೆ. ಒಂದೇ ತೂಬಿನ ನೀರು ಹಾಯಿಸುವವರೆಲ್ಲ ಒಟ್ಟಿಗೆ ಮಾಡಿದರೆ ಮಾತ್ರ ಪ್ರಯೋಜನ.

ಹಿಮ್ಮಡಿಯ ಬಾಗಿಲು ಮುಚ್ಚಿ

ಇದೇ ಮುಖ್ಯ ಕೆಲಸ. ರೋಗಾಣು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ, ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ 10,000ನೇ ಒಂದು ಪಾಲು. ತಿರುಗುತ್ತಾ ತಿರುಗುತ್ತಾ ಮುಂದೆ ಹೋಗುತ್ತದೆ. ಗಟ್ಟಿ ಚರ್ಮ ಅದನ್ನು ತಡೆಯುತ್ತದೆ. ಆದರೆ ಬೆಳಗಿನಿಂದ ಸಂಜೆವರೆಗೆ ಕೆಸರಲ್ಲಿ ನಿಂತ ಕಾಲಿನ ಚರ್ಮ ನೆನೆದು ಮೆತ್ತಗಾಗಿರುತ್ತದೆ. ಬೆರಳ ಸಂದು ಬೆಳ್ಳಗಾಗಿ ಸುಲಿದಿರುತ್ತದೆ. ಹಿಮ್ಮಡಿಯಲ್ಲಿ ಬಿರುಕು. ಕಬ್ಬಿನ ಸೋಗೆ ಗೀರಿದ ಕೈ. ಅದಕ್ಕೆ ಇಷ್ಟು ಸಾಕು. ಕಣ್ಣು, ಮೂಗು, ಬಾಯಿಯ ಒಳಪದರದಿಂದಲೂ ನುಸುಳುತ್ತದೆ.

ನಾಟಿಗೆ ಎರಡು ಮೂರು ವಾರ ಇರುವಾಗಲೇ ಹಿಮ್ಮಡಿಯ ಆರೈಕೆ ಶುರು ಮಾಡಿ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ ಮಲಗಿ. ರಕ್ತ ಬರುವಂತೆ ಉಜ್ಜಬೇಡಿ. ಗದ್ದೆಗೆ ಹೋಗುವ ದಿನ ಗಾಯವಿದ್ದರೆ ನೀರು ಹೋಗದ ಪಟ್ಟಿ ಹಾಕಿ. ಗಾಯ ದೊಡ್ಡದಿದ್ದರೆ ಅವತ್ತು ಕೆಸರಿಗೆ ಇಳಿಯಬೇಡಿ.

ಗಮ್‌ಬೂಟು ಹಾಕಿ ಎಂದು ಹೇಳುವುದು ಸುಲಭ. ಮೊಣಕಾಲುದ್ದ ಕೆಸರಿನಲ್ಲಿ ಬೂಟು ಹಾಕಿಕೊಂಡು ನಾಟಿ ಹಾಕಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಚರಂಡಿ ಬಳಿಯುವಾಗ, ಕೊಟ್ಟಿಗೆ ತೊಳೆಯುವಾಗ, ನಾಲೆಯ ಹೂಳು ತೆಗೆಯುವಾಗ ಬೂಟು ಹಾಕಬಹುದು, ಅಲ್ವಾ? ಕಬ್ಬು ಕಡಿಯುವಾಗ ಕೈಗವಸು ಹಾಕಿ.

ಕೆಸರು ಕೈಯಲ್ಲಿ ಮುಖದ ಬೆವರು ಒರೆಸಬೇಡಿ. ಸೊಂಟಕ್ಕೆ ಒಂದು ಬಟ್ಟೆ ಸಿಕ್ಕಿಸಿಕೊಳ್ಳಿ. ಬುತ್ತಿ ಬಿಚ್ಚುವ ಮುಂಚೆ ಮನೆಯಿಂದ ತಂದ ನೀರು, ಸೋಪಿನಿಂದ ಕೈ ತೊಳೆಯಿರಿ. ನಾಲೆ ನೀರಿನಲ್ಲಿ ತೊಳೆದರೆ ತೊಳೆದ ಹಾಗಲ್ಲ. ಸಂಜೆ ಮನೆಗೆ ಬಂದ ತಕ್ಷಣ ಕಾಲು ತೊಳೆದು, ಬೆರಳ ಸಂದೆಲ್ಲ ಒಣಗುವಂತೆ ಒರೆಸಿ.

ಒಳಗೆ ಹೋದ ಮೇಲೆ

ನಮ್ಮ ರಕ್ತದ ಕಾವಲು ಕಣಗಳು ಬಹಳ ರೋಗಾಣುಗಳನ್ನು ಅವುಗಳ ಹೊರ ಕವಚದಿಂದಲೇ ಗುರುತು ಹಿಡಿಯುತ್ತವೆ. ಇದರ ಕವಚದ ಗುರುತು ಅವಕ್ಕೆ ಸರಿಯಾಗಿ ಸಿಗುವುದಿಲ್ಲ. ಆ ಸಮಯದಲ್ಲಿ ಅದು ರಕ್ತದಲ್ಲಿ ಸೇರಿ ಪಿತ್ತಜನಕಾಂಗ, ಮೂತ್ರಪಿಂಡ, ಶ್ವಾಸಕೋಶಕ್ಕೆ ಹೋಗುತ್ತದೆ. ಸಣ್ಣ ರಕ್ತನಾಳಗಳ ಒಳಗೋಡೆ ಹಾಳು ಮಾಡುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ ಕಾಣಿಸುತ್ತದೆ. ಕೆಲವರಿಗೆ ಒಂದು ತಿಂಗಳೂ ಆಗಬಹುದು. ಅಷ್ಟು ಹೊತ್ತಿಗೆ ನಾಟಿ ಮುಗಿದು ಮರೆತೇ ಹೋಗಿರುತ್ತದೆ.

ನಾಟಿಯ ಮೈಕೈ ನೋವು ಸೊಂಟದಲ್ಲಿ ಜಾಸ್ತಿ, ಎರಡು ದಿನ ಮಲಗಿದರೆ ಇಳಿಯುತ್ತದೆ. ಜ್ವರ ಇರುವುದಿಲ್ಲ. ಇಲಿ ಜ್ವರದಲ್ಲಿ ಚಳಿ ಜ್ವರ, ತಲೆನೋವು, ಒತ್ತಿದರೆ ಹಿಂಡುವಂಥ ಮೀನಖಂಡದ ನೋವು. ಕಣ್ಣು ಕೆಂಪಾಗುತ್ತದೆ, ಆದರೆ ಪಿಸುರು ಕಟ್ಟುವುದಿಲ್ಲ. ಹೀಗಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅವರು ಕೇಳದಿದ್ದರೂ ನೀವೇ ಹೇಳಿ: “ಡಾಕ್ಟ್ರೇ, ಹತ್ತು ದಿನದ ಹಿಂದೆ ಗದ್ದೆಗೆ ಇಳಿದಿದ್ದೆ, ಕಾಲು ಒಡೆದಿತ್ತು.” ಈ ಒಂದು ಮಾತು ಹೇಳದಿದ್ದರೆ ಅವರು ಬೇರೆ ಜ್ವರ ಎಂದುಕೊಳ್ಳಬಹುದು. ನಮ್ಮ ಚಿಕ್ಕಮ್ಮ ಮೊದಲು ತೋರಿಸಿದ ಕಡೆ ಹಾಗೇ ಆಯಿತು.

ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ ಔಷಧಗಳೇ ಇದಕ್ಕೆ ಕೆಲಸ ಮಾಡುತ್ತವೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಅಂಗಡಿಯಿಂದ ತಂದು ನೀವೇ ನುಂಗಬೇಡಿ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಎಲ್ಲ ಮಾತ್ರೆಯೂ ಆಗುವುದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಮತ್ತೂ ಹೊಡೆತ ಕೊಡುತ್ತದೆ. ರಕ್ತದಲ್ಲಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹವೇ ತಯಾರಿಸುವ ವಸ್ತು) ಹುಡುಕುವ ಪರೀಕ್ಷೆ ಮೊದಲ ನಾಲ್ಕೈದು ದಿನ ಏನೂ ತೋರಿಸದೆ ಇರಬಹುದು. ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ.

ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಏದುಸಿರು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಕಾಮಾಲೆಗೆ ಸೊಪ್ಪಿನ ಔಷಧ ಕೊಡಿಸಲು ಊರೂರು ತಿರುಗಬೇಡಿ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ನೇರ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.