ದಪ್ಪ ಕಣಕ್ಕೊಂದು ಸೆಲ್, ನುಣ್ಣನೆ ಕಣಕ್ಕೊಂದು ಸೆಲ್

ಅರೆದ ಅದಿರನ್ನು ನೀರಿನಲ್ಲಿ ಕಲಸಿ, ತಾಮ್ರದ ಕಣಗಳನ್ನು ಗಾಳಿಗುಳ್ಳೆಗೆ ಅಂಟಿಸಿ ತೇಲಿಸಿ ತೆಗೆಯುವುದು ಫ್ಲೋಟೇಶನ್. ಅದು ನಡೆಯುವ ತೊಟ್ಟಿಯೇ ಸೆಲ್, ತೇಲದೆ ಹೊರಹೋಗುವ ಉಳಿಕೆಯೇ ಟೇಲಿಂಗ್ಸ್. ತಾಮ್ರದ ಅದಿರಿನ ಫ್ಲೋಟೇಶನ್ ಘಟಕದಲ್ಲಿ ಟೇಲಿಂಗ್ಸ್ ರಿಪೋರ್ಟ್ ದಿನವೂ ಕೈಗೆ ಬರುತ್ತದೆ. ತಾಮ್ರ ಶೇಕಡಾ ಇಷ್ಟು ಅಂತ ಒಂದೇ ಅಂಕಿ. ಅದು ಏರಿದರೆ ಕ್ಸಾಂಥೇಟ್, ಅಂದರೆ ತಾಮ್ರದ ಕಣ ಗುಳ್ಳೆಗೆ ಅಂಟುವಂತೆ ಮಾಡುವ ರಾಸಾಯನಿಕ, ಜಾಸ್ತಿ ಹಾಕುತ್ತಾರೆ, ಇಲ್ಲವೇ ಗಾಳಿ ಹೆಚ್ಚಿಸುತ್ತಾರೆ. ನಮ್ಮ ರಿಕವರಿ (ಅದಿರಿನಿಂದ ಕೈಗೆ ಸಿಗುವ ತಾಮ್ರದ ಪಾಲು) ಒಂದು ಮಟ್ಟದಲ್ಲಿ ನಿಂತುಬಿಟ್ಟಾಗ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. ಆ ಒಂದು ಅಂಕಿಯನ್ನೇ ಒಡೆದು ನೋಡೋಣ ಎಂದುಕೊಂಡೆ.

ಟೇಲಿಂಗ್ಸ್ ಸ್ಯಾಂಪಲನ್ನು 38 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜರಡಿಯ ಮೇಲೆ ಹಾಕಿ ನೀರಿನಲ್ಲಿ ತೊಳೆದೆ. ಕೆಳಗಿಳಿಯುವ ನೀರು ತಿಳಿಯಾಗುವವರೆಗೂ ತೊಳೆಯಲೇಬೇಕು. ಅವಸರ ಮಾಡಿದರೆ ಕೆಸರು ದಪ್ಪ ಕಣಗಳಿಗೆ ಅಂಟಿಕೊಂಡು ಲೆಕ್ಕವನ್ನೇ ಕೆಡಿಸುತ್ತದೆ. ಮೇಲೆ ಉಳಿದದ್ದನ್ನು ಒಣಗಿಸಿ 75, 106, 150, 212 ಮೈಕ್ರಾನ್ ಜರಡಿಗಳಲ್ಲಿ ಹಿಡಿದೆ. 38ರ ಜರಡಿ ದಾಟಿದ ಪುಡಿಗೆ ಸೈಕ್ಲೋಸೈಜರ್, ನುಣ್ಣನೆ ಪುಡಿಯನ್ನು ಗಾತ್ರವಾರು ಬೇರ್ಪಡಿಸುವ ಉಪಕರಣ. ಪ್ರತಿ ಪಾಲನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿದೆ. ನಡುವಿನ ಗಾತ್ರದ ಕಣಗಳಲ್ಲಿ ತಾಮ್ರ ಹೆಚ್ಚೇನೂ ಉಳಿದಿರಲಿಲ್ಲ. ಸೋರಿಹೋಗುತ್ತಿದ್ದದ್ದು ಎರಡು ತುದಿಗಳಲ್ಲಿ.

ಕಾರಣಗಳು ಪೂರ್ತಿ ಬೇರೆಬೇರೆ. ನುಣ್ಣನೆ ಕಣ ತೀರಾ ಹಗುರ. ಗುಳ್ಳೆಯ ಸುತ್ತ ಹರಿಯುವ ನೀರು ಅದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಗುಳ್ಳೆಗೆ ತಾಗುವುದೇ ಇಲ್ಲ. ದಪ್ಪ ಕಣ ತಾಗುತ್ತದೆ, ಅಂಟುತ್ತದೆ, ಆದರೆ ಸೆಲ್‌ನೊಳಗೆ ತಿರುಗಿ ಕಲಕುವ ಇಂಪೆಲ್ಲರ್ ಎಬ್ಬಿಸುವ ಸುಳಿಯಲ್ಲಿ ಕಳಚಿಬೀಳುತ್ತದೆ. ಇಂಪೆಲ್ಲರ್ ಜೋರು ಮಾಡಿದರೆ ನುಣ್ಣನೆಯದಕ್ಕೆ ಅನುಕೂಲ, ದಪ್ಪದ್ದಕ್ಕೆ ತೊಂದರೆ. ಒಂದೇ ಸೆಲ್‌ನಲ್ಲಿ ಇಬ್ಬರನ್ನೂ ಒಲಿಸುವುದು ಆಗದ ಮಾತು.

ಹಾಗಾಗಿ ಸೈಕ್ಲೋನ್, ಅಂದರೆ ಅದಿರು ಕಲಸಿದ ನೀರನ್ನು ರಭಸವಾಗಿ ಸುತ್ತಿಸಿ ನುಣ್ಣನೆಯದನ್ನು ಮೇಲಕ್ಕೂ ದಪ್ಪದ್ದನ್ನು ಕೆಳಕ್ಕೂ ಕಳಿಸುವ ಸಾಧನ, ಇಟ್ಟು ಎರಡು ಪಾಲು ಮಾಡಿದೆವು. ಸೈಕ್ಲೋನ್ ಬರೀ ಗಾತ್ರ ನೋಡುವುದಿಲ್ಲ, ತೂಕವನ್ನೂ ನೋಡುತ್ತದೆ. ತಾಮ್ರದ ಖನಿಜವಾದ ಚಾಲ್ಕೋಪೈರೈಟ್‌ನ ಸಾಂದ್ರತೆ ಸುಮಾರು 4.2, ಬರೀ ಕಲ್ಲಾದ ಕ್ವಾರ್ಟ್ಜ್‌ನದು 2.65. ಅದೇ ಗಾತ್ರದ ಕ್ವಾರ್ಟ್ಜ್ ಮೇಲೆ ಹೋದರೂ ತಾಮ್ರದ ಕಣ ಕೆಳಗಿಳಿಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿದೇ ಎಲ್ಲಿ ಬೇರ್ಪಡಿಸಬೇಕು ಅಂತ ನಿರ್ಧರಿಸಿದೆವು.

ದಪ್ಪ ಪಾಲಿಗೆ ಫ್ಲೂಯಿಡೈಸ್ಡ್ ಬೆಡ್ ಸೆಲ್ ಆರಿಸಿಕೊಂಡೆ. ಈ ಬಗೆಯಲ್ಲಿ ಏರೀಜ್ ಕಂಪನಿಯ ಹೈಡ್ರೋಫ್ಲೋಟ್ ಹೆಸರಾದದ್ದು. ಇದರಲ್ಲಿ ಇಂಪೆಲ್ಲರ್ ಇಲ್ಲ. ಕೆಳಗಿನಿಂದ ನೀರು, ಅದರ ಜೊತೆ ಸಣ್ಣ ಗುಳ್ಳೆಗಳು. ಮರಳಿನ ಹಾಸು ಸಡಿಲವಾಗಿ ತೇಲಾಡುತ್ತಿರುತ್ತದೆ. ಲ್ಯಾಬಿನ ಪಾರದರ್ಶಕ ಕಾಲಮ್‌ಗೆ ಟಾರ್ಚ್ ಹಿಡಿದು ನೋಡಿದಾಗ ನನಗೆ ವಿಷಯ ಪೂರ್ತಿ ಮನದಟ್ಟಾಯಿತು. ಅರ್ಧ ಮಿಲಿಮೀಟರ್ ದಪ್ಪದ ಬೂದುಕಲ್ಲಿನ ಚೂರು, ಅದರ ಒಂದು ಮೂಲೆಯಲ್ಲಿ ಮಾತ್ರ ಹಿತ್ತಾಳೆ ಬಣ್ಣದ ಹೊಳಪು. ಗುಳ್ಳೆಗಳು ಸರಿಯಾಗಿ ಆ ಮೂಲೆಗೇ ಕಚ್ಚಿಕೊಂಡಿದ್ದವು. ಚೂರು ನಿಧಾನವಾಗಿ ಮಗುಚಿ, ಹಾಸಿನಿಂದ ಬಿಡಿಸಿಕೊಂಡು ಮೇಲೆದ್ದು ಅಂಚು ದಾಟಿತು. ಮೇಲೆ ದಾಟಬೇಕಾದ ನೊರೆಯ ಪದರವೂ ಇಲ್ಲವಲ್ಲ, ಅದೇ ಇದರ ದೊಡ್ಡ ಗುಣ.

ಹೀಗೆ ಬಂದದ್ದು ಸಿದ್ಧ ಕಾನ್ಸಂಟ್ರೇಟ್ (ತಾಮ್ರ ಹೆಚ್ಚಿರುವ ಕೊನೆಯ ಸರಕು) ಅಲ್ಲ. ಮತ್ತೆ ಅರೆದು, ಮತ್ತೆ ತೇಲಿಸಬೇಕು. ಆದರೆ ತಾಮ್ರವಿಲ್ಲದ ಕಲ್ಲು ದಪ್ಪವಾಗಿರುವಾಗಲೇ ಹೊರಗೆ ಹೋಗುತ್ತದೆ. ಅದನ್ನು ಸುಮ್ನೆ ನುಣ್ಣಗೆ ಅರೆಯುವ ಕರೆಂಟ್ ಉಳಿಯಿತು ಅಲ್ವಾ? ಒಂದೇ ಎಚ್ಚರ, ಇದಕ್ಕೆ ಹೋಗುವ ಫೀಡ್‌ನಲ್ಲಿ ಕೆಸರು ಇರಬಾರದು. ಇದ್ದರೆ ಏರುವ ನೀರು ಅದನ್ನು ಹಾಗೇ ಹೊತ್ತು ಮೇಲೆ ಚೆಲ್ಲುತ್ತದೆ. ನೀರು ಜಾಸ್ತಿಯಾದರೆ ಬರೀ ಕಲ್ಲೂ ಏರುತ್ತದೆ, ಕಡಿಮೆಯಾದರೆ ಹಾಸು ಗಟ್ಟಿಯಾಗಿ ಕೂರುತ್ತದೆ.

ನುಣ್ಣನೆ ಪಾಲಿಗೆ ಜೇಮ್ಸನ್ ಸೆಲ್. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗ್ರೇಮ್ ಜೇಮ್ಸನ್ 1980ರ ದಶಕದಲ್ಲಿ ರೂಪಿಸಿದ್ದು. ಸ್ಲರಿಯ (ಅದಿರು ಕಲಸಿದ ನೀರಿನ) ಧಾರೆ ಕೊಳವೆಯೊಳಗೆ ರಭಸವಾಗಿ ಬಿದ್ದು ತಾನೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗುಳ್ಳೆಗಳು ತುಂಬ ಸಣ್ಣವು, ಒತ್ತೊತ್ತಾಗಿರುತ್ತವೆ. ನುಣ್ಣನೆ ಕಣ ತಪ್ಪಿಸಿಕೊಳ್ಳುವುದು ಕಷ್ಟ. ಕೊಳವೆಯ ವ್ಯಾಕ್ಯೂಮ್ ಗೇಜ್ ಮೇಲೆ ಕಣ್ಣಿಡಬೇಕು. ನಾಜಲ್‌ನಲ್ಲಿ ಕಟ್ಟಿಗೆ ಚೂರು ಸಿಕ್ಕಿಕೊಂಡರೆ ಮುಳ್ಳು ಕೂಡಲೇ ಇಳಿಯುತ್ತದೆ. ನೊರೆಯ ಮೇಲೆ ಮೆಲ್ಲಗೆ ನೀರು ಚಿಮುಕಿಸಿ, ಸಿಕ್ಕಿಕೊಂಡ ಸಿಲಿಕಾವನ್ನು ತೊಳೆದು ಕೆಳಗಿಳಿಸುತ್ತೇವೆ.

ಎರಡು ಪಾಲಿಗೂ ರಾಸಾಯನಿಕ ಬೇರೆಬೇರೆ ಟ್ಯಾಂಕಿನಲ್ಲೇ ಬೆರೆಸುತ್ತೇವೆ. ತೂಕ ಒಂದೇ ಇದ್ದರೂ ನುಣ್ಣನೆ ಕಣಗಳ ಮೇಲ್ಮೈ ಬಹಳ ಜಾಸ್ತಿ. ಒಟ್ಟಿಗೆ ಹಾಕಿದರೆ ಕ್ಸಾಂಥೇಟ್‌ನ ಬಹುಪಾಲನ್ನು ಅವೇ ಕಬಳಿಸುತ್ತವೆ, ದಪ್ಪದ್ದಕ್ಕೆ ಸಾಲುವುದಿಲ್ಲ. ನುಣ್ಣನೆ ಪಾಲಿಗೆ ಮೊದಲು ಸೋಡಿಯಂ ಸಿಲಿಕೇಟ್ ಹಾಕಿ ಕೆಸರು ಬಿಡಿಸಿ, ಆಮೇಲೆ ಕ್ಸಾಂಥೇಟ್ ಹಾಕುತ್ತೇವೆ. ದಪ್ಪ ಪಾಲಿಗೆ ಕ್ಸಾಂಥೇಟ್ ಹಾಕಿದ ಮೇಲೆ ಅಂಟಿಕೊಳ್ಳಲು ಹೆಚ್ಚು ಹೊತ್ತು ಬಿಡುತ್ತೇವೆ. ಟೇಲಿಂಗ್ಸ್ ಅನ್ನು ಈಗಲೂ ಗಾತ್ರವಾರು ಒಡೆದೇ ನೋಡುತ್ತೇನೆ. ಯಾವ ಸೆಲ್‌ಗೆ ಕೈಹಾಕಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.