ಪೆಟ್ರೋಲ್ ಫರ್ಗುಸನ್‌ನ ಬಲ ಎಲ್ಲಿ ಹೋಗುತ್ತಿತ್ತು: ಪಂಪಿನ ಗೇಜಿನಿಂದ ಪತ್ತೆ ಮಾಡಿದ ನನ್ನ ಅನುಭವ

ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ) ಮತ್ತು ಪಿಸ್ಟನ್ ಬದಲಾಯಿಸದೆ ಬೇರೆ ದಾರಿಯೇ ಇಲ್ಲವೆಂದು ಗೋಣಿಕೊಪ್ಪದಿಂದ ಹಿಡಿದು ಮೈಸೂರಿನವರೆಗಿನ ಮೆಕ್ಯಾನಿಕ್‌ಗಳು ತೀರ್ಪು ಕೊಟ್ಟಿದ್ದ ನಮ್ಮ ಹಳೆಯ ಫರ್ಗುಸನ್ ಪೆಟ್ರೋಲ್ ಟ್ರ್ಯಾಕ್ಟರ್ ಟಿಇಎ-20, ಈ ಸಲ ರೊಬಸ್ಟಾ ಕಾಫಿ ತೋಟಕ್ಕೆ ಹೂ ಅರಳಿಸಲು ಕೊಡುವ ನೀರನ್ನೂ ಆಮೇಲಿನ ಎರಡನೆಯ ಸುತ್ತನ್ನೂ ಹಳೆಯ ಲೈನರ್‌ಗಳಲ್ಲೇ ಮುಗಿಸಿದೆ. ಸ್ಪ್ರಿಂಕ್ಲರ್ ಪಂಪನ್ನು ಹೂಡಿ ಇಂಜಿನ್ನಿನ ರೋಗ ಕಂಡುಹಿಡಿಯುತ್ತೇನೆ ಎಂದಾಗ ನಕ್ಕವರು ಅಮ್ಮತ್ತಿ, ಸಿದ್ದಾಪುರದ ಕಡೆ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಈಗ ಗಾಡಿ ತಂದು ನಿಲ್ಲಿಸುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುವುದು ಒಳ್ಳೆಯದೆನಿಸಿತು.

ಲಕ್ಷಣ ಇಷ್ಟು: ಖಾಲಿ ಓಡುವಾಗ ಇಂಜಿನ್ ಸದ್ದಿನಲ್ಲಿ ಯಾವ ಕುಂದೂ ಇರಲಿಲ್ಲ; ಪಂಪಿಗೆ ಕೊಟ್ಟ ಹದಿನೈದು ಇಪ್ಪತ್ತು ನಿಮಿಷದಲ್ಲಿ ವೇಗ ಇಳಿಯುತ್ತಿತ್ತು, ರೇಡಿಯೇಟರ್ ಕುದಿಯುತ್ತಿತ್ತು, ಮುಸ್ಸಂಜೆಯ ಮಬ್ಬಿನಲ್ಲಿ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾಣುತ್ತಿತ್ತು. ಕುದಿಯುವುದನ್ನು ಕಂಡವರು ರೇಡಿಯೇಟರ್ ಬಿಚ್ಚಿ ಸ್ವಚ್ಛ ಮಾಡಿಸಿದರು. ಬಳಿಕ ಕಾಯಿಲ್ ಬದಲಾಯಿತು, ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಬಂದವು, ಕಾರ್ಬುರೇಟರ್ ಕಿಟ್ಟನ್ನು ಕೊಯಮತ್ತೂರಿನಿಂದ ತರಿಸಿದ್ದಾಯಿತು. ಹೀಗೆ ಹನ್ನೊಂದು ಸಾವಿರದ ಹತ್ತಿರ ಖರ್ಚಾದರೂ ಲೋಡಿನಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಏಳುವ ಒತ್ತಡ) ಅಳೆದು, ಪುಸ್ತಕದ ಅಂಕಿಗಿಂತ ಕಡಿಮೆ ಇದೆ ಎಂದು ಲೈನರ್ ಕೆಲಸಕ್ಕೆ ಅರವತ್ತರಿಂದ ಎಪ್ಪತ್ತು ಸಾವಿರ ಕೇಳಿದರು.

ಆ ಅಂಕಿಯನ್ನು ನಾನು ಒಪ್ಪಲಿಲ್ಲ. ನಮ್ಮ ತೋಟ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವ ಇಲ್ಲಿ ಕಂಪ್ರೆಷನ್ ಗೇಜು ಶೇಕಡಾ ಹತ್ತರಷ್ಟು ಕಡಿಮೆ ತೋರಿಸುವುದು ಸಹಜ. ಒಂದು, ಎರಡು, ನಾಲ್ಕನೆಯ ಸಿಲಿಂಡರ್‌ಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿ, ಮೂರನೆಯದು ಮಾತ್ರ ಇಪ್ಪತ್ತು ಪೌಂಡಿನಷ್ಟು ಕೆಳಗಿತ್ತು. ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದರೂ ಅದು ಮೇಲೇಳಲಿಲ್ಲ. ಪಿಸ್ಟನ್ ರಿಂಗು ಸವೆದಿದ್ದರೆ, ಎಣ್ಣೆ ಸಂದು ಮುಚ್ಚಿ ಅಂಕಿ ಏರಲೇಬೇಕಿತ್ತು. ಹಾಗಾಗಿ ದೋಷ ವಾಲ್ವಿನದೆಂದು ಅಂದೇ ಗುರುತು ಹಾಕಿಕೊಂಡೆ. ಆದರೆ ಒಂದು ವಾಲ್ವು ಸೋರಿದ ಮಾತ್ರಕ್ಕೆ ಇಷ್ಟೊಂದು ಬಲ ಹೋಗುವುದಿಲ್ಲ, ಮ್ಯಾನಿಫೋಲ್ಡ್ ಕೆಂಪಗಾಗುವುದಂತೂ ಇಲ್ಲ.

ಲೋಡಿನಲ್ಲಿ ಮಾತ್ರ ಬರುವ ರೋಗವನ್ನು ಖಾಲಿ ಓಡಿಸಿ ಹುಡುಕಿದರೆ ಸಿಗದು. ಇಂಜಿನ್ನಿನ ಬಲ ಅಳೆಯುವ ಡೈನಮೋಮೀಟರ್ ಕೊಡಗಿನಲ್ಲಿ ಯಾರ ಶೆಡ್ಡಿನಲ್ಲೂ ನಾನು ಕಂಡಿಲ್ಲ, ಆದರೆ ಪಿಟಿಒ ಪಂಪು (ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿನಿಂದ ಓಡುವ ಪಂಪು) ಮತ್ತು ಅದರ ಡೆಲಿವರಿ ಪೈಪಿನ ಪ್ರೆಷರ್ ಗೇಜು ಬಹುತೇಕ ತೋಟಗಳಲ್ಲಿವೆ. ಸೆಂಟ್ರಿಫ್ಯೂಗಲ್ ಪಂಪಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ, ಅದು ಬೇಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಂದರೆ ವೇಗ ಹತ್ತರಲ್ಲಿ ಒಂದು ಪಾಲು ಕುಸಿದರೆ ಒತ್ತಡ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕುಸಿಯುವುದರಿಂದ, ಕಿವಿಗೆ ಗೊತ್ತಾಗದ ನಷ್ಟವನ್ನೂ ಗೇಜಿನ ಮುಳ್ಳು ದೊಡ್ಡದು ಮಾಡಿ ತೋರಿಸುತ್ತದೆ. ಗೇಟ್ ವಾಲ್ವನ್ನು ನಿಧಾನವಾಗಿ ತೆರೆಯುತ್ತ, ವೇಗವನ್ನು ಒಂದೇ ಸಮ ಹಿಡಿದಿಡುವ ಗವರ್ನರ್ ಸೋತು ವೇಗ ಇಳಿಯತೊಡಗುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡಲಿಗೆ ಬಣ್ಣದ ಗುರುತು ಹಾಕಬೇಕು. ಪ್ರತಿ ಪರೀಕ್ಷೆಯೂ ಅದೇ ಗುರುತಿನಲ್ಲಿ, ಕೆರೆಯ ನೀರಿನ ಮಟ್ಟ ಬದಲಾಗುವ ಮೊದಲೇ ಮುಗಿಯಬೇಕು.

ಗಾಡಿ ಗಟ್ಟಿಯಾಗಿದ್ದ ಕಾಲದಲ್ಲಿ ಅದೇ ಪೈಪ್‌ಲೈನಿನಲ್ಲಿ ಇಂಜಿನ್ 1500 ಸುತ್ತಿನ ಆಸುಪಾಸಿನಲ್ಲಿರುವಾಗ ನಾಲ್ಕು ಕೆಜಿ ಪ್ರೆಷರ್ ಬರುತ್ತಿತ್ತೆಂದು ಪಂಪ್ ಶೆಡ್ಡಿನ ಗೋಡೆಯ ಮೇಲೆ ಬರೆದಿಟ್ಟಿದ್ದೆ. ಈಗ ಬಂದದ್ದು ಎರಡೂ ಮುಕ್ಕಾಲು, ಹೆಚ್ಚೆಂದರೆ 2.8. ವೇಗ 1250ಕ್ಕೆ ಬಿದ್ದಿತ್ತು, ಲೆಕ್ಕ ಹಾಕಿದರೆ ಪಂಪಿಗೆ ತಲುಪುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ ನಲವತ್ತರಷ್ಟು ಮಾಯವಾಗಿತ್ತು.

ಆ ಲೋಡಿನಲ್ಲೇ ಒಂದೊಂದು ಪ್ಲಗ್ ವೈರನ್ನು ರಬ್ಬರ್ ಹಿಡಿಯ ಇಕ್ಕಳದಿಂದ ತೆಗೆದು ಬಾಡಿಗೆ ತಾಗಿಸಿ ನೋಡಿದೆ. ಮೂರನೆಯ ಸಿಲಿಂಡರನ್ನು ಬಿಟ್ಟು ಉಳಿದವುಗಳಲ್ಲಿ ಮುಳ್ಳು ಎರಡರ ಕೆಳಗೆ ಹೋಯಿತು. ಮೂರನೆಯದರಲ್ಲಿ ಅಲುಗಿದ್ದು ಬಹಳ ಕಡಿಮೆ. ಇದು ನಿರೀಕ್ಷಿಸಿದ್ದೇ. ಆಮೇಲಿನ ಪರೀಕ್ಷೆಯೇ ನಿಜವಾದ ಉತ್ತರ ಕೊಟ್ಟಿತು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ಸಡಿಲಿಸಿ, ಲೋಡ್ ಇರುವಾಗಲೇ ಕಿಡಿ ಮುಂಚೆ ಬರುವಂತೆ, ರೋಟರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಸರಿಯಾದ ಇಂಜಿನ್ ಆಗಿದ್ದರೆ ಮುಳ್ಳು ತುಸು ಏರಿ, ಇಂಜಿನ್ ಟಕಟಕನೆ ಬಡಿಯಲು ಶುರುಮಾಡುತ್ತದೆ. ಇದು ಬಡಿಯದೆ 3.3ರವರೆಗೆ ಏರಿತು. ಖಾಲಿ ಓಟದಲ್ಲಿ ಟೈಮಿಂಗ್ ಪುಸ್ತಕದಂತೆ ಇದ್ದ ಗಾಡಿ, ಲೋಡಿನಲ್ಲಿ ಕಿಡಿಯನ್ನು ತಡವಾಗಿ ಕೊಡುತ್ತಿತ್ತು. ಕ್ಯಾಪ್ ತೆಗೆದು ರೋಟರನ್ನು ಬೆರಳಿನಿಂದ ತಿರುಚಿ ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರಬೇಕು. ಇಲ್ಲಿ ಅದು ತಿರುಚಲೂ ಒಪ್ಪಲಿಲ್ಲ. ಪಾಯಿಂಟ್ ಪ್ಲೇಟಿನ ಅಡಿಯಲ್ಲಿ, ವೇಗ ಏರಿದಂತೆ ಕಿಡಿಯನ್ನು ಮುಂಚೆ ಕೊಡಿಸುವ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಒಂದೇ ಮುದ್ದೆಯಾಗಿದ್ದವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆಯಿರುವ ಊರಿನಲ್ಲಿ ಇದು ಆಶ್ಚರ್ಯವಲ್ಲ. ಹೊಸ ಪಾಯಿಂಟ್ ಹಾಕಿದ ಯಾರೂ ಆ ಪ್ಲೇಟನ್ನು ಎತ್ತಿ ನೋಡಿರಲಿಲ್ಲ.

ತೂಕಗಳನ್ನು ಮುರಿಯದೆ ಬಿಡಿಸಿದ ಬಗೆಯನ್ನು ಬೇಕಾದವರು ಶೆಡ್ಡಿಗೆ ಬಂದು ನೋಡಬಹುದು. ಸ್ಪ್ರಿಂಗುಗಳು ಸೊರಗಿದ್ದವು, ಅವುಗಳ ಬದಲಿಗೆ ಹಾಕಿದ್ದು ಗುಜರಿಯ ಒಂದು ಹಳೆಯ ಕಾರಿನದು ಎಂಬುದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ, ಹೇಳಿದರೆ ನಾಳೆ ನನಗೇ ಸಿಗಲಾರದು. ಟೈಮಿಂಗ್ ಮತ್ತೆ ಕೂರಿಸಿ ಅದೇ ಗುರುತಿನಲ್ಲಿ ಓಡಿಸಿದಾಗ ಮೂರೂವರೆ ಬಂತು. ಆಮೇಲೆ ಹೆಡ್ ಇಳಿಸಿ, ಬಿಗಿ ಟ್ಯಾಪೆಟ್ಟಿನಿಂದ ಪೂರ್ತಿ ಮುಚ್ಚಿಕೊಳ್ಳದೆ ಮಸಿ ಹಿಡಿದಿದ್ದ ಮೂರನೆಯ ಎಕ್ಸಾಸ್ಟ್ ವಾಲ್ವನ್ನು ಪೇಸ್ಟ್ ಹಾಕಿ ಕೈಯಲ್ಲೇ ಅರೆದೆ, ಮುಳ್ಳು 3.9ಕ್ಕೆ ನಿಂತಿತು. ಹೆಡ್ ಗ್ಯಾಸ್ಕೆಟ್, ಪೇಸ್ಟ್, ಎಣ್ಣೆ, ಗುಜರಿಯವನಿಗೆ ಕೊಟ್ಟದ್ದು ಎಲ್ಲ ಸೇರಿ ನಾಲ್ಕು ಸಾವಿರ ದಾಟಿಲ್ಲ.

ಗೇಜು ಕೈಗೆ ಸಿಕ್ಕ ಮೇಲೆ ಬೇರೆ ಅನುಮಾನಗಳನ್ನೂ ಪರೀಕ್ಷಿಸಿದೆ. ಸೈಲೆನ್ಸರ್ ತೆಗೆದು ಓಡಿಸಿದರೆ ಬಲ ಹೆಚ್ಚುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಮುಳ್ಳಿಗೆ ಅದು ಗೊತ್ತೇ ಆಗಲಿಲ್ಲ, ಗೊತ್ತಾಗಿದ್ದು ಪಕ್ಕದ ತೋಟದವರಿಗೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ದೊಡ್ಡದು ಮಾಡಬೇಕೆಂದು ಕೇಳಿ, ಹಳೆಯ ಜೆಟ್ ಒಂದನ್ನು ತುಸು ಅಗಲಿಸಿ ಹಾಕಿದೆ. ಅದರಿಂದಲೂ ಲಾಭವಾಗಲಿಲ್ಲ. ಶೇಕಡಾ 20 ಎಥೆನಾಲ್, ಇಂಜಿನ್ನಿಗೆ ಹೋಗುವ ಗಾಳಿ-ಇಂಧನದ ಮಿಶ್ರಣವನ್ನು ಬಡವಾಗಿಸುತ್ತದೆ (ಇಂಧನದ ಪಾಲು ಸಾಲದಾಗುತ್ತದೆ), ನಮ್ಮ ಎತ್ತರ ಅದನ್ನು ಒಂದಿಷ್ಟು ದಟ್ಟವಾಗಿಸುತ್ತದೆ. ಎರಡೂ ಬಹುಪಾಲು ಸರಿದೂಗುತ್ತವೆ ಎಂಬುದು ನನ್ನ ತರ್ಕ. ನೀರಿನ ವಿಷಯ ಮಾತ್ರ ಬೇರೆ. ಗಾಜಿನ ಬಾಟಲಿಯಲ್ಲಿ ನೂರು ಮಿಲಿ ಪೆಟ್ರೋಲಿಗೆ ಹತ್ತು ಮಿಲಿ ನೀರು ಹಾಕಿ ಕುಲುಕಿಸಿ ಇಟ್ಟರೆ, ಎಥೆನಾಲ್ ನೀರಿನ ಜೊತೆ ಇಳಿದು ತಳದ ಪದರ ಮೂವತ್ತರ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ನಿಂತ ಗಾಡಿಯ ಟ್ಯಾಂಕನ್ನು ನಾನೀಗ ಖಾಲಿ ಮಾಡಿಯೇ ಇಡುತ್ತೇನೆ.

ಡೀಸೆಲ್ ಗಾಡಿ ತರುವವರಿಗೂ ಇದೇ ಗೇಜು ಸಾಕು. ಪ್ಲಗ್ ವೈರಿನ ಬದಲು ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಮುಳ್ಳು ನೋಡಬೇಕು, ಆ ಜಾಗದ ಎದುರು ಕೈ ಹಿಡಿಯಬಾರದು. ಹೈ ಪ್ರೆಷರಿನ ಡೀಸೆಲ್ ಚರ್ಮ ಸೀಳಿಕೊಂಡು ಒಳಹೋಗುತ್ತದೆ.